ಬೈಗುಳಕ್ಕೆ ಶಿಸ್ತೆಂಬ ಹೆಸರೇಕೆ?

ಕಳೆದ ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗ. ಬಿಡುವಿನ ವೇಳೆಯಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೂ ಕೈಲಾದಷ್ಟು ದುಡಿಯುತ್ತಾನೆ. ಅವನ ಬಗ್ಗೆ ನನಗೆ ಹೆಮ್ಮೆಯೇ. ಆದರೆ ಕಾಫಿ ಕುಡಿಯುತ್ತ ಅವನಾಡಿದ ಮಾತೊಂದು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. "ಸಾರ್, ಲಿನಕ್ಸ್ ಇಷ್ಟು ಗಟ್ಟಿಯಾಗಿ ನಿಂತಿರೋದೇ ಬೈಗುಳದಿಂದ. ತಪ್ಪು ಮಾಡಿದವನಿಗೆ ಎಲ್ಲರೆದುರು ಉಗಿದರೆ ಇನ್ನೊಂದು ಸಲ ಆ ತಪ್ಪು ಮಾಡೋದಿಲ್ಲ. ನೀವೂ ನಮಗೆ ಹಾಗೇ ತಾನೇ ಕಲಿಸಿದ್ದು?" ಎಂದ. ನನ್ನಾಕೆ ಒಳಗಿನಿಂದ ನಕ್ಕಳು. ನಾನೂ ನಕ್ಕು ಸುಮ್ಮನಾದೆ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ಅವನು ಓದುತ್ತಾನೆಂದು ಬಲ್ಲೆ.

ಗಣಕದ ಗೊಡವೆಯಿಲ್ಲದ ನನ್ನ ಬಂಧುಗಳಿಗಾಗಿ ಎರಡು ಮಾತು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, ತಾನೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ ಅದು ಬರಿಯ ಹವ್ಯಾಸವೆಂದೂ ಅಪರಿಚಿತರಿಗೆಲ್ಲ ಸಾರಿ, ಸಲಹೆ ಕೇಳಿದ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಆ ಹವ್ಯಾಸದ ಫಲ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ ಐನೂರು ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿರುವ ಐನೂರೂ ಅದರ ಮೇಲೆಯೇ ನಡೆಯುತ್ತವೆ.

ಇದು ಬೆಳೆದದ್ದು ಮಿಂಚಂಚೆಯ ಬಹಿರಂಗ ಪತ್ರವ್ಯವಹಾರದಿಂದ. ಯಾರು ಬೇಕಾದರೂ ಒಂದು ತಿದ್ದುಪಡಿಯನ್ನು, ಅವರ ಮಾತಿನಲ್ಲಿ ಪ್ಯಾಚನ್ನು, ಪತ್ರದಲ್ಲಿಟ್ಟು ಕಳುಹಿಸಬಹುದು. ಬಲ್ಲವರು ಅದರ ಸಾಲುಗಳನ್ನೇ ಎತ್ತಿಕೊಂಡು, ಪ್ರತಿ ಸಾಲಿನ ಕೆಳಗೆ ತಮ್ಮ ಆಕ್ಷೇಪವನ್ನು ಬರೆಯುತ್ತಾರೆ. ಬರೆದವನು ತಿದ್ದಿ ಎರಡನೆಯ ಸಲ, ಮೂರನೆಯ ಸಲ ಕಳುಹಿಸುತ್ತಾನೆ. ನನ್ನ ಶಿಷ್ಯ ಇದನ್ನು ಪರದೆಯ ಮೇಲೆ ತೋರಿಸಿದಾಗ ನಾನು ಬೆರಗಾದೆ. ಇದು ನೋಟ್‌ಬುಕ್ ತಿದ್ದುವ ಕೆಲಸವಲ್ಲದೆ ಮತ್ತೇನು? ಒಂದೇ ವ್ಯತ್ಯಾಸ: ನಾವು ತಿದ್ದಿದ ನೋಟ್‌ಬುಕ್ಕುಗಳು ರದ್ದಿಗೆ ಹೋದವು, ಅಲ್ಲಿನ ತಿದ್ದುಗಳು ಹಾಗೆಯೇ ಉಳಿದಿವೆ. 2004ರಿಂದ ಪ್ರತಿ ತಿದ್ದುಪಡಿಯ ಕೆಳಗೆ 'ಸೈನ್ಡ್ ಆಫ್ ಬೈ' ಎಂದು ಬರೆದು ತನ್ನ ಹೆಸರನ್ನು ನಮೂದಿಸಿ ಹೊಣೆ ಹೊರುವ ಪದ್ಧತಿಯೂ ಇದೆ. ಇಂಥ ಪಾರದರ್ಶಕ ವ್ಯವಸ್ಥೆ ನಮ್ಮ ಯಾವ ಕಚೇರಿಯಲ್ಲಿದೆ ಹೇಳಿ!

ಇಂಥಲ್ಲಿಯೇ ವರ್ಷಗಟ್ಟಲೆ ಬೈಗುಳವೂ ಹರಿಯಿತು. ಕೋಡು ಕೆಟ್ಟದೆನ್ನುವುದು ಬೇರೆ, ಬರೆದವನ ಬುದ್ಧಿಯನ್ನೇ ಹೀಗಳೆಯುವುದು ಬೇರೆ. 2013ರಲ್ಲಿ ಯುಎಸ್‌ಬಿ ವಿಭಾಗದಲ್ಲಿ ದುಡಿಯುತ್ತಿದ್ದ ಡೆವಲಪರ್ ಒಬ್ಬರು, ಇಂಥ ಮಾತನ್ನು ತಾವು ಸಹಿಸುವುದಿಲ್ಲವೆಂದು ಟೋರ್ವಾಲ್ಡ್ಸರಿಗೇ ಎಲ್ಲರೆದುರು ಬರೆದರು. ತನ್ನ ಸ್ವಭಾವವೇ ಹಾಗೆ ಎಂಬ ಧಾಟಿಯ ಉತ್ತರ ಬಂತು. 2015ರಲ್ಲಿ ಆ ಡೆವಲಪರ್ ಕರ್ನಲ್ ಕೆಲಸವನ್ನೇ ಬಿಟ್ಟದ್ದನ್ನು ಪ್ರಕಟಿಸಿದರು. ಕೊನೆಗೆ 2018ರ ಸೆಪ್ಟೆಂಬರ್ 16ರಂದು ಟೋರ್ವಾಲ್ಡ್ಸ್ ಸ್ವತಃ ಕ್ಷಮೆ ಕೇಳಿದರು. ತಾನು ಪತ್ರಗಳಲ್ಲಿ ಮಾಡಿದ ವೈಯಕ್ತಿಕ ದಾಳಿಗಳು ಅನುಚಿತವಾಗಿದ್ದವು, ಅನ್ಯರ ಭಾವನೆಗಳನ್ನು ಅರಿಯಲು ನೆರವು ಪಡೆಯುವೆ ಎಂದು ಹೇಳಿ ಕೆಲಕಾಲ ದೂರ ಸರಿದರು. 4.19ನೆಯ ಆವೃತ್ತಿಯನ್ನು ಗ್ರೆಗ್ ಕ್ರೋ ಹಾರ್ಟ್‌ಮನ್ ಹೊರತಂದರು. ನಡವಳಿಕೆಯ ಸಂಹಿತೆಯೊಂದು ಜಾರಿಗೆ ಬಂತು. ಅಂದು ಗೊಣಗಿದವರು ಬಹಳ. ಇನ್ನು ಕರ್ನಲ್ ಕೆಟ್ಟಿತೆಂದು ಭವಿಷ್ಯ ನುಡಿದವರೂ ಇದ್ದರು. ಕೆಟ್ಟಿತೇ? 2022ರಲ್ಲಿ 6.0 ಬಂತು, ಆಮೇಲೂ ಆವೃತ್ತಿಗಳು ಬರುತ್ತಲೇ ಇವೆ. ಟೋರ್ವಾಲ್ಡ್ಸರ ಮಾತಿನ ಖಾರ ಪೂರ್ತಿ ಇಳಿದಿಲ್ಲವೆಂದೂ ಕೇಳಿದ್ದೇನೆ. ಹುಟ್ಟುಗುಣ ಸುಲಭಕ್ಕೆ ಹೋಗದು.

ಈಗ ನಿನ್ನ ಮಾತಿಗೆ ಬರುತ್ತೇನಪ್ಪಾ. ಕೆಟ್ಟ ಕೋಡನ್ನು ಬಾಗಿಲಲ್ಲೇ ತಡೆದದ್ದು ಸಾಲಿನ ಕೆಳಗೆ ಬರೆದ ಕಾರಣವೇ ಹೊರತು ಅದರ ಪಕ್ಕದ ಬೈಗುಳವಲ್ಲ. ಬೈಗುಳವನ್ನು ಅಳಿಸಿ ಓದಿ ನೋಡು, ಕಾರಣ ಹಾಗೆಯೇ ನಿಂತಿರುತ್ತದೆ. ಕಾರಣವನ್ನು ಅಳಿಸಿ ಬೈಗುಳವನ್ನಷ್ಟೇ ಓದು, ಏನು ತಿದ್ದಬೇಕೆಂದು ಯಾರಿಗೆ ತಿಳಿದೀತು?

ನಾನು ಹಾಗೆಯೇ ಕಲಿಸಿದೆ ಎಂದೆಯಲ್ಲ, ಅದು ಸುಳ್ಳಲ್ಲ. ಹಳ್ಳಿಯ ಶಾಲೆಯೊಂದರಲ್ಲಿ, ನೀನು ಸೇರುವುದಕ್ಕೂ ಮುಂಚೆ, ಎಂಟನೆಯ ತರಗತಿಯ ಹುಡುಗನೊಬ್ಬ ಬಡ್ಡಿಯ ಲೆಕ್ಕದಲ್ಲಿ ತಿಂಗಳುಗಳನ್ನು ವರ್ಷಗಳೆಂದು ಹಿಡಿದು ಕಪ್ಪುಹಲಗೆಯ ತುಂಬ ದೊಡ್ಡದೊಂದು ಮೊತ್ತ ಬರೆದ. "ನಿನ್ನ ತಲೆಯಲ್ಲಿರುವುದು ಮಿದುಳೋ ಸಗಣಿಯೋ?" ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ, ಅದೇ ಈಗಲೂ ಕಣ್ಣಿಗೆ ಕಟ್ಟಿದೆ. ಆ ವರ್ಷ ಅವನು ಮತ್ತೆ ಕೈ ಎತ್ತಲಿಲ್ಲ. ಮರುವರ್ಷ ಶಾಲೆಗೇ ಬರಲಿಲ್ಲ. ಮನೆಯಲ್ಲಿ ಬಡತನ, ದನ ಕಾಯಲು ಹಚ್ಚಿದರು ಎಂದು ಯಾರೋ ಹೇಳಿದರು. ಆ ಕಾರಣವನ್ನು ನಾನು ಎಷ್ಟು ಬೇಗ ನಂಬಿದೆನೆಂದರೆ, ವಿಚಾರಿಸಲು ಅವನ ಮನೆಯತ್ತ ಒಮ್ಮೆಯೂ ಹೋಗಲಿಲ್ಲ. ಆ ಮನೆ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ.

ನಿವೃತ್ತ ಮೇಷ್ಟರ ಮನೆಗೆ ಕಾಫಿ ಕುಡಿಯಲು ಬರುವವರು ಯಾರು? ಬೈಗುಳ ತಿಂದೂ ಉಳಿದವರು. "ನಿಮ್ಮ ಏಟಿನಿಂದಲೇ ಉದ್ಧಾರವಾದೆವು" ಎನ್ನುವವರು. ಉಳಿಯದವನು ಬಂದು ನನ್ನ ಎದುರು ಕೂರುವುದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಅವನಿಲ್ಲ. ಲಿನಕ್ಸಿನ ಲೆಕ್ಕವೂ ಇದೇ. ಮೊದಲ ಪತ್ರಕ್ಕೇ ಮುಖಭಂಗವಾಗಿ ಎರಡನೆಯದನ್ನು ಬರೆಯದವರು ಎಷ್ಟು ಮಂದಿಯೆಂದು ಯಾವ ದಾಖಲೆಯಲ್ಲಿ ಹುಡುಕುತ್ತೀಯೆ? ಉಳಿದವರನ್ನಷ್ಟೇ ಎಣಿಸಿ ಪದ್ಧತಿಯನ್ನು ಹೊಗಳುವುದು, ತಿಂಗಳನ್ನು ವರ್ಷವೆಂದು ಹಿಡಿದ ಆ ಹುಡುಗನ ಲೆಕ್ಕಕ್ಕಿಂತಲೂ ತಪ್ಪು ಲೆಕ್ಕ.

ಒರಟುತನ ಗುರುವಿನಿಂದಲೇ ಬರಬೇಕೆಂದಿಲ್ಲ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶವನ್ನು ಲಾಸೆ ಕೊಲಿನ್ ಎಂಬವರು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅಪರಿಚಿತ ಹೆಸರುಗಳು ಅವರನ್ನು ಎಲ್ಲರೆದುರು ಪೀಡಿಸತೊಡಗಿದವು: ಕೆಲಸ ನಿಧಾನ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡು. ತನ್ನ ಮನಸ್ಸಿನ ಆರೋಗ್ಯ ಬಹುಕಾಲದಿಂದ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು ಆತ ತಾಳ್ಮೆಯಿಂದ ಉತ್ತರಿಸಿದರು. ನಯವಾಗಿ ನೆರವಾಗುತ್ತಿದ್ದ 'ಜಿಯಾ ಟಾನ್' ಎಂಬ ಹೆಸರಿನ ಕೈಗೆ ಕ್ರಮೇಣ ಅಧಿಕಾರ ಹೋಯಿತು. ಆ ಕೈ 2024ರಲ್ಲಿ ಅದರೊಳಗೆ ಕಳ್ಳಬಾಗಿಲನ್ನಿಟ್ಟಿತು. ಪೀಡಿಸಿದ ಹೆಸರುಗಳೂ ಅದೇ ಸಂಚಿನವೆಂಬ ಬಲವಾದ ಶಂಕೆಯಿದೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ, ಮಾರ್ಚ್ 29ರಂದು ಅದನ್ನು ಬಯಲಿಗೆಳೆಯದಿದ್ದರೆ ಆ ವಿಷ ಎಲ್ಲೆಲ್ಲಿ ಹರಡುತ್ತಿತ್ತೋ! ಬಹಿರಂಗವಾಗಿ ಗದರಿಸುವುದು ಸಹಜವೆಂದು ಎಲ್ಲರೂ ಒಪ್ಪಿಕೊಂಡ ಜಗತ್ತಿನಲ್ಲಿ ಈ ಗದರಿಕೆ ಯಾರಿಗೂ ಅಸಹಜವೆನಿಸಲಿಲ್ಲ. "ಸುಮ್ಮನಿರಿ, ಆತ ನಮ್ಮ ಆಳಲ್ಲ" ಎಂದು ಗಟ್ಟಿಯಾಗಿ ನುಡಿಯುವ ಒಬ್ಬರು ಆಗ ಅವರ ಪಕ್ಕದಲ್ಲಿ ನಿಂತಿದ್ದರೆ?

ಹಾಗೆಂದು ಮಾತುಕತೆಯನ್ನೆಲ್ಲ ಮುಚ್ಚಿದ ಕೋಣೆಗೆ ಒಯ್ಯಿರೆಂದು ನಾನು ಹೇಳುತ್ತಿಲ್ಲ. ಎಕ್ಸ್‌ಝಡ್‌ನಲ್ಲಿ ಒತ್ತಡ ಹೇಗೆ ಬಿತ್ತೆಂದು ನಾವು ಇಂದು ಓದಬಲ್ಲೆವಾದರೆ, ಆ ಪತ್ರಗಳು ಬಯಲಿನಲ್ಲಿ ಉಳಿದುದರಿಂದಲೇ.

ನೀನೂ ಈಗ ಹೊಸಬರ ಪ್ಯಾಚುಗಳನ್ನು ತಿದ್ದುತ್ತೀಯೆಂದು ಹೇಳಿದೆ. ಮುಂದಿನ ಸಲ ಬರುವಾಗ, ನೀನು ತಿರಸ್ಕರಿಸಿ ಬರೆದ ಪತ್ರವೊಂದರ ಪ್ರತಿ ತೆಗೆದುಕೊಂಡು ಬಾ. ಕೋಡು ನನಗೆ ಅರ್ಥವಾಗದು, ಅದನ್ನು ನೀನೇ ನೋಡಿಕೊ. ಉಳಿದ ಸಾಲುಗಳನ್ನು ನಾನು ತಿದ್ದಿಕೊಡುತ್ತೇನೆ. ಕೆಂಪು ಶಾಯಿಯ ಪೆನ್ನು ಇನ್ನೂ ಇಟ್ಟುಕೊಂಡಿದ್ದೇನೆ.