ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಮಂಡಳಿ: ಸದಸ್ಯರ ನೇಮಕ ಮತ್ತು ನಮ್ಮ ಕ್ರೀಡಾಪಟುಗಳು

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಿಂದ ಕ್ರೀಡಾ ವಸತಿ ನಿಲಯದ ಪ್ರವೇಶ, ನಗದು ಪುರಸ್ಕಾರ ಮೊದಲಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಕ್ರೀಡಾಪಟುಗಳ ಹಾಗೂ ಪೋಷಕರ ತಿಳಿವಳಿಕೆಗಾಗಿ ಈ ಟಿಪ್ಪಣಿಯನ್ನು ಪ್ರಕಟಿಸಲಾಗಿದೆ. ದೆಹಲಿಯಲ್ಲಿ ನಡೆಯುವ ಮಂಡಳಿ ಸದಸ್ಯರ ನೇಮಕಕ್ಕೂ ನಮ್ಮೂರ ಮೈದಾನಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದು. ಸಂಬಂಧವಿದೆ ಎಂಬುದಕ್ಕೆ ಕುಂದಾಪುರ ತಾಲ್ಲೂಕಿನದೇ ನಿದರ್ಶನವಿದೆ.

1. 2011ರ ಪ್ರಕರಣ

ಸಿದ್ದಾಪುರ ಸಮೀಪದ ಜನ್ಸಾಲೆಯ ಅಶ್ವಿನಿ ಅಕ್ಕುಂಜೆಯವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿಯೂ, ಅದೇ ವರ್ಷದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್ ಹಾಗೂ ರಿಲೇಯಲ್ಲಿಯೂ ಚಿನ್ನ ಗೆದ್ದು ಜಿಲ್ಲೆಗೆ ಕೀರ್ತಿ ತಂದವರು. 2011ರಲ್ಲಿ ಅವರೂ ಸೇರಿದಂತೆ ಹಲವು ಓಟಗಾರ್ತಿಯರ ಪರೀಕ್ಷೆಯಲ್ಲಿ ನಿಷೇಧಿತ ಸ್ಟೆರಾಯ್ಡ್ ಕಂಡುಬಂದಿತು. ತರಬೇತುದಾರರು ನೀಡಿದ ಜಿನ್ಸೆಂಗ್ ಪೂರಕದಿಂದ ಹೀಗಾಯಿತೆಂದು ಅವರು ವಾದಿಸಿದರು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ (ನಾಡಾ) ಶಿಸ್ತು ಸಮಿತಿಯು ಈ ವಾದವನ್ನು ಪರಿಗಣಿಸಿ ಒಂದು ವರ್ಷದ ಅಮಾನತು ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಇದನ್ನು ಪ್ರಶ್ನಿಸಿದಾಗ ಕ್ರೀಡಾ ನ್ಯಾಯ ಮಂಡಳಿಯು 2012ರಲ್ಲಿ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು. ಆ ವರ್ಷದ ಲಂಡನ್ ಒಲಿಂಪಿಕ್ಸ್ ಅವರ ಪಾಲಿಗೆ ಇಲ್ಲವಾಯಿತು. ಶಿಕ್ಷೆ ಮುಗಿದ ಬಳಿಕ ಅವರು ಓಟಕ್ಕೆ ಮರಳಿದರು.

ಮಾದರಿಯಲ್ಲಿ ಏನಿತ್ತೆಂಬುದರಲ್ಲಿ ಎರಡು ಪೀಠಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕ್ರೀಡಾಪಟುವಿನ ತಪ್ಪು ಎಷ್ಟೆಂಬ ತೀರ್ಮಾನ ಮಾತ್ರ ಬೇರೆಯಾಯಿತು. ಇಂತಹ ತೀರ್ಮಾನವನ್ನು ಪ್ರಯೋಗಾಲಯ ಮಾಡುವುದಿಲ್ಲ. ಪೀಠದಲ್ಲಿ ಕುಳಿತವರು ಮಾಡುತ್ತಾರೆ. ಅವರನ್ನು ಯಾರು ನೇಮಿಸುತ್ತಾರೆ ಎಂಬ ವಿಷಯಕ್ಕೆ ಮಹತ್ವ ಬರುವುದು ಇಲ್ಲಿಯೇ.

2. 2022ರ ಕಾಯ್ದೆ

2005ರಲ್ಲಿ ನೋಂದಾಯಿತ ಸಂಘವಾಗಿ ಸ್ಥಾಪಿತವಾದ ನಾಡಾಕ್ಕೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ, 2022ರ ಮೂಲಕ ಶಾಸನಬದ್ಧ ಸ್ಥಾನ ದೊರೆಯಿತು. ಕೇಂದ್ರ ಸರ್ಕಾರವು ನೇಮಿಸುವ ಓರ್ವ ಅಧ್ಯಕ್ಷರು ಹಾಗೂ ಇಬ್ಬರು ಸದಸ್ಯರುಳ್ಳ ರಾಷ್ಟ್ರೀಯ ಮಂಡಳಿಗೆ ಕಾಯ್ದೆಯು ಅವಕಾಶ ಕಲ್ಪಿಸಿತು. ನಾಡಾದ ಮೇಲ್ವಿಚಾರಣೆಯೂ, ಶಿಸ್ತು ಸಮಿತಿ ಹಾಗೂ ಮೇಲ್ಮನವಿ ಸಮಿತಿಗಳ ರಚನೆಯೂ ಈ ಮಂಡಳಿಗೆ ಸೇರಿದ್ದವು. ಕಾನೂನು ತಜ್ಞರು, ವೈದ್ಯರು ಹಾಗೂ ನಿವೃತ್ತ ಹಿರಿಯ ಕ್ರೀಡಾಪಟುಗಳು ಸಮಿತಿಗಳಲ್ಲಿರಬೇಕೆಂದು ವಿಧಿಸಲಾಯಿತು.

3. 2025ರ ತಿದ್ದುಪಡಿ

ಸರ್ಕಾರ ನೇಮಿಸಿದ ಮಂಡಳಿಯು ನಾಡಾದ ಮೇಲೆ ಅಧಿಕಾರ ಚಲಾಯಿಸಿದಲ್ಲಿ ಅದರ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದೆಂದು ವಿಶ್ವ ಉದ್ದೀಪನ ಮದ್ದು ತಡೆ ಘಟಕ (ವಾಡಾ) ಆಕ್ಷೇಪಿಸಿತು. ಆದುದರಿಂದ 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಮಂಡಳಿಯನ್ನು ಉಳಿಸಿಕೊಂಡು, ನಾಡಾದ ಮೇಲಿನ ಅದರ ಮೇಲ್ವಿಚಾರಣಾ ಅಧಿಕಾರವನ್ನು ತೆಗೆಯಲಾಯಿತು. ನಾಡಾದ ಮಹಾನಿರ್ದೇಶಕರು ಹಾಗೂ ಸಿಬ್ಬಂದಿಯು ಕ್ರೀಡಾ ಫೆಡರೇಷನ್‌ಗಳಿಂದಲೂ ಸರ್ಕಾರದಿಂದಲೂ ಸ್ವತಂತ್ರವಾಗಿ ಕಾರ್ಯನಿರ್ವಹಿಸಬೇಕೆಂದು ಸ್ಪಷ್ಟಪಡಿಸಲಾಯಿತು. ಮೇಲ್ಮನವಿ ಸಮಿತಿಯನ್ನು ರಚಿಸುವ ಅಧಿಕಾರವು ಮಂಡಳಿಯಿಂದ ಕೇಂದ್ರ ಸರ್ಕಾರಕ್ಕೆ ವರ್ಗಾವಣೆಯಾಯಿತು.

4. ಪರಿಶೀಲನೆ

ತನಿಖೆ ನಡೆಸುವವರ ಸ್ವಾತಂತ್ರ್ಯ ಈಗ ಹೆಚ್ಚು ಸ್ಪಷ್ಟವಾಗಿದೆ. ಆದರೆ ತಂಡಗಳ ತರಬೇತಿಗೆ ಹಣ ಒದಗಿಸುವ ಕೇಂದ್ರ ಸರ್ಕಾರವೇ ಮೇಲ್ಮನವಿ ಆಲಿಸುವವರನ್ನೂ ನೇಮಿಸುವುದರಿಂದ, ಆಯ್ಕೆಯ ಅರ್ಹತೆ ಹಾಗೂ ಅವಧಿ ನಿಯಮಗಳಲ್ಲಿ ಖಚಿತವಾಗಿರುವುದೂ ಆಯ್ಕೆಯು ಪಾರದರ್ಶಕವಾಗಿರುವುದೂ ಅತ್ಯವಶ್ಯ. ದೇಶದೊಳಗಿನ ಪೀಠದ ನಿಷ್ಪಕ್ಷಪಾತತೆ ಸಂದೇಹಾತೀತವಾಗಿದ್ದಲ್ಲಿ ಅದರ ತೀರ್ಪಿಗೆ ಹೊರಗೆ ಬೆಲೆ ಬರುತ್ತದೆ. ವಾಡಾದ ಅಂಕಿಅಂಶಗಳಂತೆ 2024ರಲ್ಲಿ ಭಾರತದ 7,113 ಮಾದರಿಗಳಲ್ಲಿ 260 ನಿಷೇಧಿತ ವಸ್ತುಗಳಿಂದ ಕೂಡಿದ್ದವು. ಇಷ್ಟು ಪ್ರಕರಣಗಳು ಬರುವಾಗ ನುರಿತ ಸದಸ್ಯರ ಕೊರತೆಯಿಂದ ವಿಳಂಬವಾದಲ್ಲಿ, ನಿರ್ದೋಷಿಯ ಕ್ರೀಡಾ ಜೀವನವೂ ಕಾಯುವುದರಲ್ಲೇ ಕಳೆದುಹೋಗಬಹುದು.

5. ಅರ್ಜಿದಾರರ ಗಮನಕ್ಕೆ

ಅ) ದೇಹದಲ್ಲಿ ಕಂಡುಬಂದ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ತರಬೇತುದಾರರು ಅಥವಾ ಔಷಧ ಅಂಗಡಿಯವರು ಕೊಟ್ಟರೆಂಬುದು ಶಿಕ್ಷೆಯ ಪ್ರಮಾಣಕ್ಕೆ ಮಾತ್ರ ಸಂಬಂಧಿಸಬಹುದು.

ಆ) ಜಿಮ್‌ಗಳಲ್ಲಿ ಸಿಗುವ ಪುಡಿ, ಮಾತ್ರೆ ಹಾಗೂ ನಾಟಿ ಔಷಧಗಳ ಚೀಟಿಯಲ್ಲಿ ಎಲ್ಲ ಅಂಶಗಳೂ ನಮೂದಾಗಿರುತ್ತವೆಂಬ ಭರವಸೆಯಿಲ್ಲ. ಔಷಧ ಸೇವಿಸುವ ಮೊದಲು ನಾಡಾ ಒದಗಿಸಿರುವ ಮಾಹಿತಿ ಸೌಲಭ್ಯದಲ್ಲಿ ಪರಿಶೀಲಿಸತಕ್ಕದ್ದು.

ಇ) ಇನ್ಸುಲಿನ್‌ನಂತಹ ನಿಷೇಧಿತ ಔಷಧವು ಚಿಕಿತ್ಸೆಗೆ ಅನಿವಾರ್ಯವಾದಲ್ಲಿ, ವೈದ್ಯಕೀಯ ದಾಖಲೆಗಳೊಂದಿಗೆ ನಾಡಾಕ್ಕೆ ಚಿಕಿತ್ಸಾ ವಿನಾಯಿತಿಗಾಗಿ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ವೈದ್ಯರ ಚೀಟಿಯೊಂದೇ ಸಾಲದು.

ಈ) ಮಾದರಿ ದೋಷಪೂರಿತವೆಂದು ವರದಿಯಾದಲ್ಲಿ ‘ಬಿ’ ಮಾದರಿಯ ಪರೀಕ್ಷೆ ಕೋರುವ, ವಿಚಾರಣೆಯಲ್ಲಿ ಅಹವಾಲು ಹೇಳಿಕೊಳ್ಳುವ ಹಾಗೂ ಮೇಲ್ಮನವಿ ಸಲ್ಲಿಸುವ ಹಕ್ಕು ಕ್ರೀಡಾಪಟುವಿಗಿದೆ. ನೋಟೀಸಿನಲ್ಲಿ ನಮೂದಿಸಿದ ಅವಧಿಯನ್ನು ಮೀರಬಾರದು.

ಸದಸ್ಯರ ನೇಮಕವು ಕೇಂದ್ರ ಸರ್ಕಾರದ ಅಧಿಕಾರ ವ್ಯಾಪ್ತಿಗೆ ಸೇರಿದ್ದು, ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನು ಓದಿ ವಿಚಾರಿಸುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಕ್ರೀಡಾಪಟುಗಳು, ಪೋಷಕರು ಹಾಗೂ ದೈಹಿಕ ಶಿಕ್ಷಣ ಶಿಕ್ಷಕರು ಈ ಅಂಶಗಳನ್ನು ಗಮನದಲ್ಲಿಟ್ಟುಕೊಳ್ಳಬೇಕಾಗಿ ಕೋರಲಾಗಿದೆ.