ಕ್ರುಸೇಡ್ ಎಂದರೆ ಎರಡು ಬಣಗಳ ಜಗಳವೇ?

ಕ್ರುಸೇಡ್‌ಗಳನ್ನು ಕ್ರೈಸ್ತರೆಲ್ಲ ಒಂದು ಕಡೆ, ಮುಸ್ಲಿಮರೆಲ್ಲ ಇನ್ನೊಂದು ಕಡೆ ನಿಂತು ನಡೆಸಿದ ಇನ್ನೂರು ವರ್ಷಗಳ ಕಾಳಗವೆಂದು ಓದುವುದು ತಪ್ಪು ಎಂಬುದು ನನ್ನ ವಾದ. ಇದನ್ನು ಒಪ್ಪದವರು ಮುಂದಿಡುವ ಆಕ್ಷೇಪಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

'ಕ್ರೈಸ್ತರದು ಬರೀ ಆತ್ಮರಕ್ಷಣೆ' ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 1071ರಲ್ಲಿ ಮಂಜಿಕರ್ಟ್‌ನಲ್ಲಿ ಸೆಲ್ಜುಕ್ ತುರ್ಕರು ಬೈಜಾಂಟೀನ್ ಸೇನೆಯನ್ನು ಸೋಲಿಸಿದ್ದರು. ಚಕ್ರವರ್ತಿ ಅಲೆಕ್ಸಿಯೋಸ್ ಪಶ್ಚಿಮದ ನೆರವು ಬೇಡಿದ್ದ. 1095ರಲ್ಲಿ ಪೋಪ್ ಎರಡನೆಯ ಅರ್ಬನ್ ಕ್ಲೆರ್ಮಾಂಟ್‌ನಲ್ಲಿ ಕರೆ ಕೊಟ್ಟ. ಆದರೆ ಮರುವರ್ಷ ಹೊರಟ ಕೆಲವು ತಂಡಗಳ ಕತ್ತಿಗೆ ಮೊದಲು ಸಿಕ್ಕವರು ರೈನ್ ದಂಡೆಯ ವರ್ಮ್ಸ್, ಮೈನ್ಸ್ ಊರುಗಳ ಯಹೂದಿಗಳು. ಅವರಿಂದ ಯಾರಿಗೆ ಏನು ಅಪಾಯವಿತ್ತು? ಇನ್ನು ಜೆರುಸಲೇಂ. 1098ರಲ್ಲೇ ಈಜಿಪ್ಟಿನ ಫಾತಿಮಿಗಳು ಅದನ್ನು ತುರ್ಕರ ಕೈಯಿಂದ ಕಿತ್ತುಕೊಂಡಿದ್ದರು. 1099ರ ಜುಲೈನಲ್ಲಿ ಕ್ರುಸೇಡರ್‌ಗಳು ಕೊಚ್ಚಿಹಾಕಿದ್ದು ತುರ್ಕರ ವೈರಿಗಳ ಊರಿನ ಜನರನ್ನು. 1204ರಲ್ಲಿ ಅವರು ಸೂರೆ ಮಾಡಿದ್ದಂತೂ ಕಾನ್‌ಸ್ಟಾಂಟಿನೋಪಲನ್ನೇ, ಅಂದರೆ ರಕ್ಷಿಸುತ್ತೇವೆಂದು ಹೊರಟಿದ್ದ ಬೈಜಾಂಟೀನರ ಆ ಕ್ರೈಸ್ತ ರಾಜಧಾನಿಯನ್ನೇ.

'ಎಲ್ಲವೂ ಲೂಟಿಯ ಆಸೆಗೆ' ಎನ್ನುವ ಎದುರು ಪಾಳಯವೂ ಇದೆ. ಇದಕ್ಕೆ ಉತ್ತರ ಚಿಕ್ಕದು: ಪಯಣದ ಖರ್ಚಿಗೆಂದು ಅನೇಕರು ಹೊಲಮನೆ ಅಡವಿಟ್ಟ, ಮಾರಿದ ಪತ್ರಗಳು ಇಂದಿಗೂ ಉಳಿದಿವೆ. ದುರಾಸೆ ಇತ್ತು, ಭಕ್ತಿಯೂ ಇತ್ತು. ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಭಕ್ತಿಯೇ.

ಮೂರನೆಯ ಆಕ್ಷೇಪವೇ ಮುಖ್ಯವಾದದ್ದು: 'ಧರ್ಮ ಅಡ್ಡ ಬಂದ ಮೇಲೆ ಸ್ನೇಹ ಎಲ್ಲಿಯದು?' 1140ರಲ್ಲಿ ಝಂಗಿ ಎಂಬ ಮುಸ್ಲಿಂ ದೊರೆ ಮೇಲೇರಿ ಬಂದಾಗ ಮುಸ್ಲಿಂ ಡಮಾಸ್ಕಸ್ ಕೈಜೋಡಿಸಿದ್ದು ಜೆರುಸಲೇಮಿನ ಕ್ರೈಸ್ತ ರಾಜನೊಂದಿಗೆ. ಎಂಟು ವರ್ಷದ ಬಳಿಕ ಎರಡನೆಯ ಕ್ರುಸೇಡ್ ಮುತ್ತಿಗೆ ಹಾಕಿದ್ದು ಅದೇ ಡಮಾಸ್ಕಸ್ಸಿಗೆ! ಮುತ್ತಿಗೆ ಕೆಲವೇ ದಿನಗಳಲ್ಲಿ ಮುಗ್ಗರಿಸಿತು. ಒಬ್ಬ ಮಿತ್ರನನ್ನು ಕಳೆದುಕೊಂಡದ್ದೇ ಲಾಭ. 1184ರಲ್ಲಿ ಅಲ್ಲಿ ಸಂಚರಿಸಿದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್, ಸೈನ್ಯಗಳು ಕಾದಾಡುತ್ತಿದ್ದರೂ ಡಮಾಸ್ಕಸ್ ಮತ್ತು ಕ್ರೈಸ್ತರ ವಶದಲ್ಲಿದ್ದ ಏಕರ್ ಬಂದರಿನ ನಡುವೆ ವರ್ತಕರ ಸಾರ್ಥಗಳು ನಿಲ್ಲದ್ದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಎರಡೂ ಕಡೆಯ ಸುಂಕದವರಿಗೆ ವ್ಯಾಪಾರ ಬೇಕಿತ್ತು. 1244ರಲ್ಲಿ ಲಾ ಫೋರ್ಬಿ ಕಾಳಗದಲ್ಲಂತೂ ಡಮಾಸ್ಕಸ್, ಹೋಮ್ಸ್‌ಗಳ ಮುಸ್ಲಿಂ ಸೈನಿಕರು ಕ್ರೈಸ್ತರ ಪಕ್ಕದಲ್ಲಿ ನಿಂತು ಈಜಿಪ್ಟಿನ ಸುಲ್ತಾನನ ಪಡೆಯ ವಿರುದ್ಧ ಹೋರಾಡಿದರು.

ನನ್ನ ಪಕ್ಷದವರೆಂದು ಹೇಳಿಕೊಳ್ಳುವ ಕೆಲವರು ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾದೀನನನ್ನು ಸಂತನನ್ನಾಗಿ ಮಾಡುತ್ತಾರೆ. ಅವರ ಮಾತೂ ನಿಲ್ಲುವುದಿಲ್ಲ. 1187ರಲ್ಲಿ ಜೆರುಸಲೇಂ ಗೆದ್ದಾಗ ಆತ ನರಮೇಧ ಮಾಡಲಿಲ್ಲ, ಒತ್ತೆಹಣ ಪಡೆದು ಜನರನ್ನು ಬಿಟ್ಟ, ನಿಜ. ಆದರೆ ಹಣ ಕಟ್ಟಲಾಗದ ಸಾವಿರಾರು ಬಡವರು ಗುಲಾಮರಾದರು. ಅದಕ್ಕೂ ಮುಂಚೆ ಹತ್ತೀನ್ ಯುದ್ಧ ಮುಗಿದ ಮೇಲೆ ಸೆರೆಸಿಕ್ಕ ಟೆಂಪ್ಲರ್ ಎಂಬ ಕ್ರೈಸ್ತ ಸಂಘದ ಯೋಧರ ತಲೆ ಕಡಿಸಿದವನೂ ಅವನೇ. 1191ರಲ್ಲಿ ಏಕರ್‌ನಲ್ಲಿ ಸುಮಾರು 2,700 ಸೆರೆಯಾಳುಗಳನ್ನು ಕೊಲ್ಲಿಸಿದ ಇಂಗ್ಲೆಂಡಿನ ರಾಜ ರಿಚರ್ಡ್ ಅವನಿಗಿಂತ ಕ್ರೂರಿ ಎನ್ನಬಹುದು, ಅಷ್ಟೇ.

ಮಾತುಕತೆ ಆ ಕಾಲಕ್ಕೆ ಊಹೆಗೂ ನಿಲುಕದ್ದು ಎನ್ನುವವರು 1229ಕ್ಕೆ ಉತ್ತರ ಕೊಡಬೇಕು. ಪೋಪನಿಂದ ಬಹಿಷ್ಕೃತನಾಗಿದ್ದ ಪವಿತ್ರ ರೋಮನ್ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲ್‌ನೊಂದಿಗೆ ಕರಾರು ಮಾಡಿಕೊಂಡು, ಯುದ್ಧವಿಲ್ಲದೆ ಜೆರುಸಲೇಮನ್ನು ಪಡೆದ. ಮುಸ್ಲಿಮರ ಪವಿತ್ರ ಸ್ಥಳಗಳು ಅವರ ಬಳಿಯೇ ಉಳಿದವು. ಇಬ್ಬರನ್ನೂ ಅವರವರ ಧರ್ಮದವರೇ ಬೈದರು.