ಹಳೆಯ ಟೈರಿನ ಸಾಕ್ಷ್ಯ

ಸೂರತ್ ನಗರದಲ್ಲಿ ತಾಪಿ ನದಿಯ ಬಲದಂಡೆಯ ಮೇಲೆ ಹಬ್ಬಿರುವ ಅಡಾಜಣ್ ಬಡಾವಣೆಯ ಟೈರ್ ಅಂಗಡಿಗಳ ಮುಂದೆ ಬೆಲೆಬಾಳುವ ಸ್ಪೋರ್ಟ್ಸ್ ಕಾರೊಂದು ಬಂದು ನಿಲ್ಲುವುದು ಈಗ ಅಪೂರ್ವವೇನಲ್ಲ. ಸ್ವಂತ ಕಾರನ್ನು ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿಗೋ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಗೋ ಒಯ್ದು ಮನದಣಿಯೆ ಓಡಿಸಿ ಬರುವ ಹವ್ಯಾಸಿಗಳು ಬೆಂಗಳೂರಿನಲ್ಲಿರುವಂತೆ ಅಲ್ಲಿಯೂ ಇದ್ದಾರೆ. ಹಾಗೆ ಓಡಿಸಿ ಬಂದವರು ಟೈರಿನ ಒಂದು ಅಂಚು ಮಾತ್ರ ವಿಪರೀತ ಸವೆದಿರುವುದನ್ನು ಕಂಡು, ಅಂಗಡಿಗೆ ಧಾವಿಸಿ, ಹೊಸ ಟೈರುಗಳನ್ನು ಹಾಕಿಸಿ, ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾದುದನ್ನು ನೋಡಿ ಸಮಾಧಾನದಿಂದ ಹಿಂದಿರುಗುತ್ತಾರೆ. ಈ ಕ್ರಮವು ತಲೆಕೆಳಗಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ರೋಗದ ಕಾರಣವನ್ನು ಹೇಳಬಲ್ಲ ಏಕೈಕ ಸಾಕ್ಷಿಯಾದ ಹಳೆಯ ಟೈರು, ಅದರ ಹೇಳಿಕೆಯನ್ನು ಯಾರೊಬ್ಬರೂ ಕೇಳುವ ಮೊದಲೇ, ಅಂಗಡಿಯ ಹಿಂಬದಿಯ ರಾಶಿಗೆ ಸೇರಿಹೋಗಿರುತ್ತದೆ.

ಹಸಿರು ಅಂಕಿಗಳಿಗೆ ಇರುವ ಅರ್ಥ ಪರಿಮಿತವಾದುದು. ನಿಂತ ಕಾರಿನ ಚಕ್ರಗಳು ತಯಾರಕರು ವಿಧಿಸಿದ ಮೇರೆಯೊಳಗಿವೆ ಎಂಬಷ್ಟನ್ನೇ ಅವು ಹೇಳುತ್ತವೆ. ಕಾರು ತಿರುವಿನಲ್ಲಿ ವಾಲಿದಾಗ, ಬ್ರೇಕಿನ ಒತ್ತಡಕ್ಕೆ ರಬ್ಬರ್ ಬುಷ್‌ಗಳು ಬಾಗಿದಾಗ, ಚಕ್ರವು ಯಾವ ಕೋನದಲ್ಲಿ ನೆಲವನ್ನು ಮುಟ್ಟುತ್ತದೆಂಬುದನ್ನು ಆ ಯಂತ್ರವು ಅರಿಯದು. ಟೈರು ಅರಿತಿರುತ್ತದೆ, ಮತ್ತು ತನ್ನ ಮೈಮೇಲೆ ಅದನ್ನು ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ.

ಆ ಬರಹವನ್ನು ಓದುವುದು ದುಸ್ಸಾಧ್ಯವಲ್ಲ. ಎರಡು ಅಂಚುಗಳೂ ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ. ನಡುಭಾಗವೇ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಸಂಶಯ ಮೊದಲು ಶಾಕ್ ಅಬ್ಸಾರ್ಬರಿನ ಮೇಲೆ ಹೋಗತಕ್ಕದ್ದು. ಇಷ್ಟನ್ನು ಪಂಕ್ಚರ್ ಹಾಕುವ ಹುಡುಗನೂ ಬಲ್ಲ. ಆದರೆ ಕಣ್ಣಿಗಿಂತ ಅಂಗೈ ಹೆಚ್ಚು ತಿಳಿಯುವ ಒಂದು ಲಕ್ಷಣವುಂಟು. ಮುಂದಿನ ಚಕ್ರದ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿಯೂ, ಒಳಗಿನಿಂದ ಹೊರಕ್ಕೆ ಸೆಳೆದಾಗ ಗರಗಸದ ಹಲ್ಲಿನಂತೆ ಚೂಪಾಗಿಯೂ ತಾಕಿದರೆ, ಚಕ್ರಗಳ ಮುಂಭಾಗ ಪರಸ್ಪರ ಒಳಕ್ಕೆ ತಿರುಗಿದೆ, ಅರ್ಥಾತ್ ಟೋ-ಇನ್ ಮಿತಿಮೀರಿದೆ. ಅನುಭವ ಇದಕ್ಕೆ ವಿರುದ್ಧವಾದರೆ ಟೋ-ಔಟ್ ಮಿತಿಮೀರಿದೆ. ಒಂದು ಚಕ್ರದ ಟೋ ಕಾಲು ಡಿಗ್ರಿಯಷ್ಟು ತಪ್ಪಿದರೂ ಆ ಟೈರು ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಮಿಗಿಲಾಗಿ ಪಕ್ಕಕ್ಕೆ ಉಜ್ಜಿಕೊಂಡು ಸಾಗುವಂತಾಗುತ್ತದೆ. ಸೂರತ್ತಿನಿಂದ ಮುಂಬಯಿಗೆ ಸುಮಾರು 280 ಕಿಲೋಮೀಟರ್ ಎಂದು ಲೆಕ್ಕ ಹಿಡಿದರೆ, ಒಂದೇ ಪ್ರಯಾಣದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಅಡ್ಡವಾಗಿ ತೇಯ್ದಂತಾಯಿತು. ಒಳ ಅಂಚಿನ ಸವೆತಕ್ಕೆಲ್ಲ ಕ್ಯಾಂಬರನ್ನೇ, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನವನ್ನೇ, ದೂರುವ ವಾಡಿಕೆ ನಮ್ಮಲ್ಲಿ ಬಲವಾಗಿದೆ. ಬಹುತೇಕ ಪ್ರಸಂಗಗಳಲ್ಲಿ ಕ್ಯಾಂಬರ್ ಸಹಾಯಕನು ಮಾತ್ರ, ಮುಖ್ಯ ಅಪರಾಧಿ ಟೋ.

ರೇಸ್ ಟ್ರ್ಯಾಕಿನಲ್ಲಿ ಓಡಿದ ಕಾರಿನ ವಿಷಯದಲ್ಲಿ ಈ ಓದು ಇನ್ನಷ್ಟು ಎಚ್ಚರವನ್ನು ಬೇಡುತ್ತದೆ. 1990ರಲ್ಲಿ ತೆರೆದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಉದ್ದ 3.7 ಕಿಲೋಮೀಟರ್, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟಿನದು ಐದು ಕಿಲೋಮೀಟರಿಗೂ ತುಸು ಹೆಚ್ಚು. ಎರಡರಲ್ಲಿಯೂ ಓಟ ಪ್ರದಕ್ಷಿಣವಾಗಿ ಸಾಗುವುದರಿಂದ ಒಟ್ಟಿನಲ್ಲಿ ಬಲತಿರುವುಗಳೇ ಮೇಲುಗೈ ಪಡೆದು, ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ, ವಿಶೇಷವಾಗಿ ಎಡಮುಂದಿನ ಟೈರಿನ ಹೊರ ಅಂಚಿನ ಮೇಲೆ, ಬೀಳುತ್ತದೆ. ಆದಕಾರಣ ಎಡಮುಂದಿನ ಹೊರ ಅಂಚು ದುಂಡಗಾದ ಮಾತ್ರಕ್ಕೆ ಕಾರಿನಲ್ಲಿ ದೋಷವಿದೆಯೆಂದು ನಿರ್ಣಯಿಸಲಾಗದು; ಬಲಮುಂದಿನ ಟೈರು ಒಂದೇ ತನ್ನ ಒಳ ಅಂಚನ್ನು ವೇಗವಾಗಿ ಕಳೆದುಕೊಳ್ಳುತ್ತಿದ್ದರೆ ಮಾತ್ರ, ಮಳೆಗಾಲದ ಗುಂಡಿಗೆ ಬಡಿದು ಬಾಗಿದ ಕಂಟ್ರೋಲ್ ಆರ್ಮನ್ನೋ ಹರಿದ ಬುಷ್ಷನ್ನೋ ಶಂಕಿಸಲು ಕಾರಣವುಂಟು.

ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಕಾರುಗಳಲ್ಲಿ, ಕಾರು ವಾಲಿದಂತೆಲ್ಲ ಹೊರಗಿನ ಚಕ್ರವೂ ಜೊತೆಗೆ ವಾಲಿ ತನ್ನ ಹೊರ ಅಂಚಿನ ಮೇಲೆ ನಿಲ್ಲುವ ಪ್ರವೃತ್ತಿಯುಳ್ಳದ್ದು. ಬಹುಕಾಲ ಮುಂದಿನ ಚಕ್ರಗಳಿಗೆ ಸ್ಟ್ರಟ್ಟನ್ನೇ ನಚ್ಚಿದ್ದ ಪೋರ್ಶೆ 911ರ ಜಿಟಿ3 ಮಾದರಿಗೆ 2021ರಲ್ಲಿ ಡಬಲ್ ವಿಷ್‌ಬೋನ್ ಅಳವಡಿಸಿದುದು ಈ ನ್ಯೂನತೆಯ ಗುರುತ್ವವನ್ನು ತೋರಿಸುತ್ತದೆ. ಸಾಮಾನ್ಯ ಹವ್ಯಾಸಿಗೆ ಆ ಅನುಕೂಲವಿಲ್ಲ. ಅವನು ಕ್ಯಾಂಬರ್ ಪ್ಲೇಟ್ ಹಾಕಿಸಿ ಎರಡು-ಮೂರು ಡಿಗ್ರಿ ನೆಗೆಟಿವ್ ಕ್ಯಾಂಬರ್, ಅಂದರೆ ಮೇಲ್ತುದಿ ಒಳಕ್ಕೆ ವಾಲಿದ ಕೋನ, ಪಡೆಯುತ್ತಾನೆ. ಅದು ಯುಕ್ತವೇ. ಆದರೆ ಕ್ಯಾಂಬರನ್ನು ಕದಲಿಸಿದರೆ ಟೋ ಕೂಡ ಕದಲುವುದರಿಂದ, ಕ್ಯಾಂಬರ್ ಮಾರ್ಪಡಿಸಿದ ಬಳಿಕ ಟೋವನ್ನು ಮತ್ತೆ ಅಳೆಯದೆ ಕಾರನ್ನು ಹೆದ್ದಾರಿಗೆ ಬಿಡುವುದು ಅಕ್ಷಮ್ಯ.

ಟ್ರ್ಯಾಕಿನಲ್ಲಿರುವಾಗಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಾರು ಪಿಟ್ಟಿಗೆ ಬಂದೊಡನೆ, ರಬ್ಬರಿನೊಳಕ್ಕೆ ತೂರುವ ಸೂಜಿಯುಳ್ಳ ಉಷ್ಣಮಾಪಕದಿಂದ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು, ಈ ಮೂರೆಡೆಯ ಶಾಖವನ್ನು ಅಳೆದು ಬರೆದುಕೊಳ್ಳಬೇಕು. ಮೇಲ್ಮೈ ಕ್ಷಣಾರ್ಧದಲ್ಲಿ ತಣಿಯುವುದರಿಂದ ದೂರದಿಂದಲೇ ಶಾಖವನ್ನು ಅಳೆಯುವ ಗನ್ನು ಇಲ್ಲಿ ನಂಬಲರ್ಹವಲ್ಲ. ಗಾಳಿಯ ಒತ್ತಡವನ್ನೂ ಆಗಲೇ ನೋಡತಕ್ಕದ್ದು. ಸಾಮಾನ್ಯ ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಒಂದೂವರೆ ಪಿಎಸ್‌ಐ ಏರುವುದರಿಂದ, ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗಿದ್ದ ಗಾಳಿ ಮಧ್ಯಾಹ್ನದ ಹತ್ತನೆಯ ಸುತ್ತಿಗೆ ಅತಿಯಾಗಿ, ನಡುಭಾಗವನ್ನು ತಿನ್ನತೊಡಗಿರುತ್ತದೆ.

ಕೂದಲೆಳೆಗಿಂತ ಸೂಕ್ಷ್ಮವಾದ ದೋಷವನ್ನು ಕಲ್ಲಿನೊಳಗೆ ಕಂಡುಹಿಡಿಯುವ ವಜ್ರದ ಕೆಲಸಗಾರರಿಂದ ಸೂರತ್ ಜಗತ್ಪ್ರಸಿದ್ಧವಾಗಿದೆ. ಅಂಥ ದೃಷ್ಟಿಯ ಒಂದಂಶವನ್ನು ಟೈರಿನ ಮೇಲೆಯೂ ಹರಿಸುವಂತೆ ಅಲ್ಲಿನ ಅಂಗಡಿಯವರನ್ನೂ, ಇದೇ ಹವ್ಯಾಸ ಬೆಳೆಯುತ್ತಿರುವ ನಮ್ಮ ಬೆಂಗಳೂರಿನವರನ್ನೂ ಕೇಳುವುದು ನ್ಯಾಯವಾಗಿದೆ. ಟೈರು ಬಿಚ್ಚುವ ಮುನ್ನ ಯಾವ ಚಕ್ರದ್ದು, ಯಾವ ಪಕ್ಕದ್ದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮೂರೆಡೆಯ ತೋಡುಗಳ ಆಳವನ್ನು ಅಳೆದು ಚೀಟಿಯಲ್ಲಿ ಬರೆಯಲಿ. ಅಲೈನ್‌ಮೆಂಟಿನ ಹೊಸ ಅಂಕಿಗಳೊಂದಿಗೆ, ತಿದ್ದುವುದಕ್ಕೆ ಮೊದಲಿದ್ದ ಅಂಕಿಗಳನ್ನೂ ಅಚ್ಚು ಮಾಡಿ ಕೊಡಲಿ. ಮೊದಲಿದ್ದುದು ತಿಳಿಯದಿದ್ದರೆ ಸವೆತಕ್ಕೂ ತಿದ್ದುಪಡಿಗೂ ಸಂಬಂಧವಿತ್ತೇ ಎಂಬುದನ್ನು ಬ್ರಹ್ಮನೂ ಹೇಳಲಾರ. ಟೈರುಗಳನ್ನು ಹಿಂದುಮುಂದು ಬದಲಿಸಿ ಸವೆತವನ್ನು ಸಮಗೊಳಿಸುವ ಉಪಾಯ ಖರ್ಚನ್ನು ಮುಂದೂಡುತ್ತದೆಯೇ ಹೊರತು ಕಾರಣವನ್ನು ನಿವಾರಿಸುವುದಿಲ್ಲ. ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಅದು ಸಾಧ್ಯವೂ ಇಲ್ಲ.

ಮಾಲೀಕನ ಕರ್ತವ್ಯವೂ ಇದೆ. ನೆಗೆಟಿವ್ ಕ್ಯಾಂಬರಿನ ಕಾರಿನಲ್ಲಿ ಮೊದಲು ಸವೆಯುವುದು ನಿಂತು ನೋಡಿದವನಿಗೆ ಕಾಣದ ಒಳ ಅಂಚು. ಹೊರಗಿನಿಂದ ನೋಡಿದರೆ ಟೈರು ಹೊಸದರಂತಿದ್ದು, ಒಳಗೆ ತೋಡಿನ ತಳದ 1.6 ಮಿಲಿಮೀಟರಿನ ಗುರುತು ಎಂದೋ ಅಳಿಸಿ, ತಂತಿ ತೋರುತ್ತಿರಬಹುದು. ಆ ಸ್ಥಿತಿಯಲ್ಲಿ ಆಷಾಢದ ಮಳೆ ನಿಂತ ಮುಂಬಯಿ ಹೆದ್ದಾರಿಯಲ್ಲಿ ಅವನೊಬ್ಬನ ಪ್ರಾಣವಷ್ಟೇ ಪಣಕ್ಕೊಡ್ಡಿರುವುದಿಲ್ಲ. ಟ್ರ್ಯಾಕಿನಿಂದ ಹೊರಡುವ ಮುನ್ನ ಸ್ಟೀರಿಂಗನ್ನು ಒಮ್ಮೆ ಪೂರ್ಣ ಎಡಕ್ಕೂ ಒಮ್ಮೆ ಪೂರ್ಣ ಬಲಕ್ಕೂ ತಿರುಗಿಸಿ, ಕೆಳಗೆ ಕುಳಿತು, ಮುಂದಿನ ಚಕ್ರಗಳ ಒಳ ಅಂಚನ್ನು ಟಾರ್ಚ್ ಹಿಡಿದು ನೋಡಬೇಕು. ಹಿಂದಿನ ಚಕ್ರಗಳು ಹಾಗೆ ತಿರುಗವಾದ್ದರಿಂದ ಅವುಗಳಿಗಾಗಿ ಕಾರನ್ನು ಜ್ಯಾಕಿನ ಮೇಲೆ ಎತ್ತಲೇಬೇಕು.